ಟೈರ್ ಅಗಲ: ರಸ್ತೆಗೂ ಟ್ರ್ಯಾಕಿಗೂ ಸಲ್ಲುವ 14 ಸೂತ್ರಗಳು

"ಇನ್ನೊಂದು ಸೈಜ್ ಅಗಲದ್ದು ಹಾಕಿಸ್ಬಿಡಿ ಸಾರ್, ಗ್ರಿಪ್ ಸಖತ್ತಾಗಿರುತ್ತೆ." ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಹುಬ್ಬಳ್ಳಿ, ಮಂಗಳೂರಿನ ಟೈರ್ ಅಂಗಡಿಗಳವರೆಗೆ ಈ ಮಾತು ಕೇಳದ ಕಾರು ಪ್ರಿಯರು ಕಡಿಮೆ. ಮಾತಿನಲ್ಲಿ ಹುರುಳಿದೆ. ಆದರೆ ಅಗಲದ ಟೈರ್ ಫಲ ಕೊಡಬೇಕಾದರೆ ಅದಕ್ಕೆ ತಕ್ಕ ರಿಮ್ ಇರಬೇಕು, ಕಾರಿಗೆ ತಕ್ಕ ತೂಕ ಇರಬೇಕು, ರಬ್ಬರಿಗೆ ತಕ್ಕಷ್ಟು ಬಿಸಿ ಸಿಗಬೇಕು. ಇವು ಕೂಡಿಬರದಿದ್ದರೆ ಮೈಲೇಜ್ ಇಳಿಯುತ್ತದೆ, ಮಳೆಯಲ್ಲಿ ಹಿಡಿತ ತಪ್ಪುತ್ತದೆ, ದುಡ್ಡೂ ಹೋಗುತ್ತದೆ.

ವಾರವಿಡೀ ಆಫೀಸಿಗೆ ಓಡಿಸುವ ಕಾರನ್ನೇ ತಿಂಗಳಿಗೊಮ್ಮೆಯೋ ವರ್ಷಕ್ಕೆ ಎರಡು ಸಲವೋ ಟ್ರ್ಯಾಕಿಗೆ ಒಯ್ಯುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್, ಎಲ್ಲಿಗೇ ಹೋಗಲಿ, ಹೋದ ಟೈರಿನ ಮೇಲೆಯೇ ಮನೆಗೆ ಬರಬೇಕು. ಈ ಸೂತ್ರಗಳು ಅಂಥವರಿಗಾಗಿ. ಎಲ್ಲದರ ಸಾರ ಇಷ್ಟು: ಮೊದಲು ರಬ್ಬರ್, ಆಮೇಲೆ ರಿಮ್, ಕೊನೆಗೆ ಅಗಲ.

1. ಸೈಡ್‌ವಾಲ್ ಮೇಲಿನ ಅಂಕಿ ಓದಲು ಕಲಿಯಿರಿ

195/55 ಆರ್16 87ವಿ ಎಂದು ಬರೆದಿದೆ ಅಂದುಕೊಳ್ಳಿ. 195 ಎಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 55 ಎಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 55ರಷ್ಟು. ಆರ್ ಎಂದರೆ ರೇಡಿಯಲ್. 16 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 87 ಎಂದರೆ ಒಂದು ಟೈರ್ 545 ಕೆ.ಜಿ. ಹೊರಬಲ್ಲದು. ವಿ ಎಂದರೆ ಗಂಟೆಗೆ 240 ಕಿ.ಮೀ. ವೇಗ ತಾಳಬಲ್ಲದು.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. 195 ಎಂಬುದು ಟೈರಿನ ಒಂದು ಪಕ್ಕದ ಉಬ್ಬಿನಿಂದ ಇನ್ನೊಂದು ಪಕ್ಕದ ಉಬ್ಬಿನವರೆಗಿನ ಅಳತೆ. ನೆಲಕ್ಕೆ ತಾಗುವ ಟ್ರೆಡ್ ಅದಕ್ಕಿಂತ ಕಿರಿದು. ಒಂದೇ ಅಂಕಿ ಇರುವ ಎರಡು ಕಂಪನಿಗಳ ಟೈರುಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಒಂದರ ಭುಜ ದುಂಡಗಿರುತ್ತದೆ, ಇನ್ನೊಂದರದು ಚೌಕವಾಗಿ ನೆಲದವರೆಗೂ ಇಳಿದಿರುತ್ತದೆ. ಚೌಕ ಭುಜದ 195, ದುಂಡು ಭುಜದ 205ರಷ್ಟೇ ನೆಲ ಕಚ್ಚಬಹುದು. ಕೊಳ್ಳುವ ಮುನ್ನ ಟ್ರೆಡ್ ಅಗಲವನ್ನು ಟೇಪ್ ಹಿಡಿದು ಅಳೆಯಿರಿ.

2. ನಿಮ್ಮ ಕಿಲೋಮೀಟರ್ ಎಲ್ಲಿ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ

ಬೆಂಗಳೂರಿನಿಂದ ಇರುಂಗಾಟ್ಟುಕೋಟ್ಟೈಗೆ ಸುಮಾರು 300 ಕಿ.ಮೀ. ಹೋಗಿಬರಲು 600. ಅಲ್ಲಿನ ಟ್ರ್ಯಾಕ್ ಸುತ್ತಳತೆ ಸುಮಾರು 3.7 ಕಿ.ಮೀ. ಒಂದು ದಿನದಲ್ಲಿ 30 ಸುತ್ತು ಹೊಡೆದರೂ ಆಗುವುದು 111 ಕಿ.ಮೀ. ಅಂದರೆ ಟ್ರ್ಯಾಕಿಗೆಂದೇ ಹೊರಟ ವಾರಾಂತ್ಯದಲ್ಲೂ ಟೈರ್ ಸವೆಸುವ ದಾರಿಯಲ್ಲಿ ಹೆದ್ದಾರಿಯ ಪಾಲು ಐದು ಪಟ್ಟು ಹೆಚ್ಚು. ಉಳಿದ ವರ್ಷವೆಲ್ಲ ಊರೊಳಗಿನ ಗುಂಡಿ, ಹಂಪ್, ಮಳೆ, ಘಾಟಿ.

ಹಾಗಾಗಿ ಒಂದೇ ಸೆಟ್ ಟೈರ್ ಇರುವವರು ರಸ್ತೆಯನ್ನು ಮುಂದಿಟ್ಟುಕೊಂಡು ಅಗಲ ನಿರ್ಧರಿಸಬೇಕು. ಟ್ರ್ಯಾಕಿನಲ್ಲಿ ಒಂದು ಸೆಕೆಂಡ್ ಹೆಚ್ಚು ಹಿಡಿದರೆ ನಷ್ಟವೇನಿಲ್ಲ. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಹಿಡಿತ ತಪ್ಪಿದರೆ ನಷ್ಟ ದೊಡ್ಡದು.

3. ಅಗಲ ಹೆಚ್ಚಿದರೆ ನೆಲ ಕಚ್ಚುವ ಜಾಗದ ಆಕಾರ ಬದಲಾಗುತ್ತದೆ

ಅಗಲದ ಟೈರ್ ಎಂದರೆ ನೆಲಕ್ಕೆ ಹೆಚ್ಚು ರಬ್ಬರ್ ತಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಲೆಕ್ಕ ಬೇರೆ ಹೇಳುತ್ತದೆ. ಒಂದು ಟನ್ ತೂಕದ ಕಾರಿನ ಒಂದೊಂದು ಚಕ್ರದ ಮೇಲೆ ಸರಾಸರಿ 250 ಕೆ.ಜಿ. ಬೀಳುತ್ತದೆ. ಗಾಳಿ 30 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕೆ.ಜಿ. ಒತ್ತಡ. ಭಾಗಿಸಿದರೆ ನೆಲ ಕಚ್ಚುವ ಜಾಗ ಸುಮಾರು 120 ಚದರ ಸೆಂ.ಮೀ. ಟೈರಿನ ಗೋಡೆಯ ಬಿಗಿತದಿಂದ ಇದು ಕೊಂಚ ಆಚೀಚೆ ಆಗಬಹುದು. ಆದರೆ ಗಾಳಿ ಅಷ್ಟೇ ಇದ್ದರೆ 165 ಹಾಕಿದರೂ 205 ಹಾಕಿದರೂ ಈ ಜಾಗ ಹೆಚ್ಚುಕಡಿಮೆ ಅಷ್ಟೇ.

ಬದಲಾಗುವುದು ಆಕಾರ. ಕಿರಿದಾದ ಟೈರಿನಲ್ಲಿ ಈ ಜಾಗ ಹೆಚ್ಚುಕಡಿಮೆ ಚೌಕ, ಅಂದಾಜಿಗೆ 12 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ. ಅಗಲದ ಟೈರಿನಲ್ಲಿ ಅಡ್ಡಡ್ಡ, 16 ಸೆಂ.ಮೀ. ಅಗಲ, 7.5 ಸೆಂ.ಮೀ. ಉದ್ದ. ಅಡ್ಡಡ್ಡ ಇರುವ ಜಾಗ ತಿರುವಿನಲ್ಲಿ ಬೇಗ ಹಿಡಿತ ಕೊಡುತ್ತದೆ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ. ಜೊತೆಗೆ ಸುತ್ತಳತೆಯುದ್ದಕ್ಕೂ ರಬ್ಬರ್ ಹೆಚ್ಚಿರುವುದರಿಂದ ಸುತ್ತಿನ ಮೇಲೆ ಸುತ್ತು ಹೊಡೆದರೂ ಟೈರ್ ನಿಧಾನವಾಗಿ ಕಾಯುತ್ತದೆ. ಟ್ರ್ಯಾಕಿನಲ್ಲಿ ಅಗಲದ ಟೈರಿಗೆ ಬೆಲೆ ಬಂದಿರುವುದು ಈ ಎರಡು ಗುಣಗಳಿಂದ.

ಫಾರ್ಮುಲಾ ಒನ್ 2017ರಲ್ಲಿ ಮುಂದಿನ ಟೈರನ್ನು 245ರಿಂದ 305 ಮಿ.ಮೀ.ಗೆ, ಹಿಂದಿನದನ್ನು 325ರಿಂದ 405ಕ್ಕೆ ಹಿಗ್ಗಿಸಿತು. ತಿರುವಿನ ವೇಗ ಏರಿತು. ಆದರೆ ಅಗಲದ ಟೈರ್ ಭಾರವೂ ಹೌದು, ಗಾಳಿಯನ್ನು ಹೆಚ್ಚು ತಡೆಯುವುದೂ ಹೌದು. 2026ರ ನಿಯಮಗಳಲ್ಲಿ ಕಾರನ್ನು ಹಗುರ ಮಾಡಲು ಹೊರಟಾಗ ಟೈರನ್ನೂ ಮುಂದೆ 25, ಹಿಂದೆ 30 ಮಿ.ಮೀ. ಕಿರಿದು ಮಾಡಲಾಯಿತು. ರೇಸಿನ ಶಿಖರದಲ್ಲೂ ಅಗಲಕ್ಕೊಂದು ಬೆಲೆ ತೆರಬೇಕಾಗುತ್ತದೆ.

4. ಅಗಲಕ್ಕೆ ಹಾಕುವ ದುಡ್ಡನ್ನು ಮೊದಲು ರಬ್ಬರಿಗೆ ಹಾಕಿ

ಮೈಲೇಜಿಗೆಂದು ಮಾಡಿದ ಗಟ್ಟಿ ರಬ್ಬರಿನ 205 ಟೈರಿಗಿಂತ ಹಿಡಿತಕ್ಕೆಂದು ಮಾಡಿದ ಮೆದು ರಬ್ಬರಿನ 185 ಟೈರ್ ಟ್ರ್ಯಾಕಿನಲ್ಲಿ ವೇಗವಾಗಿರುತ್ತದೆ. ಅಗಲದಿಂದ ಬರುವ ಲಾಭ ಸಣ್ಣದು, ರಬ್ಬರಿನ ಗುಣದಿಂದ ಬರುವುದು ದೊಡ್ಡದು.

ಆಮದು ಟೈರುಗಳ ಪಕ್ಕದಲ್ಲಿ "ಟ್ರೆಡ್‌ವೇರ್" ಎಂಬ ಅಂಕಿ ಅಚ್ಚೊತ್ತಿರುತ್ತದೆ. ಅಂಕಿ ದೊಡ್ಡದಾದಷ್ಟೂ ಬಾಳಿಕೆ ಹೆಚ್ಚು. ದಿನಬಳಕೆಯ ಟೈರುಗಳು ಸಾಮಾನ್ಯವಾಗಿ 300ರ ಮೇಲಿರುತ್ತವೆ. ಟ್ರ್ಯಾಕ್ ಡೇ ಹವ್ಯಾಸಿಗಳು ಮೆಚ್ಚುವ ರಸ್ತೆ ಟೈರುಗಳಲ್ಲಿ 200 ಎಂಬ ಅಂಕಿ ಕಾಣುತ್ತದೆ. ಅಂಕಿ ಕೊಡುವುದು ಆಯಾ ಕಂಪನಿಯೇ ಆದ್ದರಿಂದ ಬೇರೆ ಬೇರೆ ಕಂಪನಿಗಳನ್ನು ಹೋಲಿಸುವಾಗ ಇದನ್ನೊಂದು ಸುಳಿವಾಗಿ ಮಾತ್ರ ನೋಡಿ.

ಟೈರಿನ ವಯಸ್ಸನ್ನೂ ಅಲ್ಲೇ ಓದಬಹುದು. ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತ ಅಗಲದ ಟೈರ್ ರಿಯಾಯಿತಿಯಲ್ಲಿ ಸಿಕ್ಕರೂ ಬೇಡ. ರಬ್ಬರ್ ಗಟ್ಟಿಯಾದ ಮೇಲೆ ಅಗಲಕ್ಕೆ ಕೆಲಸವಿಲ್ಲ.

5. ರಿಮ್ ಅಗಲ ನೋಡದೆ ಟೈರ್ ಅಗಲ ಆರಿಸಬೇಡಿ

ಈ ಪಟ್ಟಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪ್ರತಿ ಟೈರ್ ಅಳತೆಗೂ ಇಂತಿಷ್ಟು ಅಗಲದ ರಿಮ್ ಎಂಬ ಮಿತಿ ಇದೆ. 185/65 ಆರ್15ಕ್ಕೆ 5ರಿಂದ 6.5 ಇಂಚು. 195/55 ಆರ್16ಕ್ಕೆ 5.5ರಿಂದ 7 ಇಂಚು. 205/55 ಆರ್16ಕ್ಕೆ 5.5ರಿಂದ 7.5 ಇಂಚು. ರಿಮ್ಮಿನ ಒಳಭಾಗದಲ್ಲಿ 6ಜೆ, 6.5ಜೆ ಎಂದು ಬರೆದಿರುವುದು ಇದೇ ಅಗಲ.

5.5 ಇಂಚಿನ ರಿಮ್ಮಿಗೆ 205 ಟೈರ್ ಹಾಕಿದರೆ ಕಾಗದದ ಮೇಲೆ ಸರಿ. ಆದರೆ ಕಾರಿನ ಹಿಂದೆ ಕೂತು ನೋಡಿ: ರಿಮ್ಮಿನಿಂದ ಟೈರ್ ಹೊರಗೆ ಉಬ್ಬಿಕೊಂಡಿರುತ್ತದೆ. ತಿರುವಿನಲ್ಲಿ ಆ ಉಬ್ಬು ಮೊದಲು ಪಕ್ಕಕ್ಕೆ ವಾಲಿ, ಆಮೇಲೆ ಕಾರು ತಿರುಗುತ್ತದೆ. ಸ್ಟೀರಿಂಗ್ ಕೈಗೆ ಮಂದ ಎನಿಸುವುದು ಅದಕ್ಕೇ. ಅದೇ 7 ಇಂಚಿನ ರಿಮ್ಮಿಗೆ 195 ಹಾಕಿದರೆ ಗೋಡೆ ನೆಟ್ಟಗೆ ನಿಲ್ಲುತ್ತದೆ, ಟ್ರೆಡ್ ಸಮತಟ್ಟಾಗಿ ನೆಲ ಹಿಡಿಯುತ್ತದೆ.

ರಿಮ್ ಅರ್ಧ ಇಂಚು ಅಗಲವಾದರೆ ಅದೇ ಟೈರ್ ಸುಮಾರು 5 ಮಿ.ಮೀ. ಹಿಗ್ಗುತ್ತದೆ ಎಂಬುದನ್ನೂ ಗಮನಿಸಿ. ಟ್ರ್ಯಾಕ್ ಮುಖ್ಯ ಎನ್ನುವವರು ಮಿತಿಯ ಮೇಲ್ತುದಿಯ ರಿಮ್ ಆರಿಸಲಿ. ಗುಂಡಿ ರಸ್ತೆಯೇ ಹೆಚ್ಚು ಎನ್ನುವವರು ನಡುವಿನ ಅಗಲದಲ್ಲಿ ನಿಲ್ಲಲಿ. ಟೈರ್ ತೀರಾ ಎಳೆದುಕೂತರೆ ರಿಮ್ಮಿನ ಅಂಚಿಗೆ ರಕ್ಷಣೆ ಇರುವುದಿಲ್ಲ.

6. ಹೊರವ್ಯಾಸ ಕೈಬಿಡಬೇಡಿ

ಅಗಲ ಬದಲಿಸಿದರೂ ಟೈರಿನ ಒಟ್ಟು ಎತ್ತರ ಮೂಲದಷ್ಟೇ ಇರಬೇಕು. ಲೆಕ್ಕ ಸುಲಭ: ಅಗಲವನ್ನು ಶೇಕಡಾವಾರು ಅಂಕಿಯಿಂದ ಗುಣಿಸಿ, ಅದರ ಎರಡರಷ್ಟಕ್ಕೆ ರಿಮ್ ವ್ಯಾಸವನ್ನು ಸೇರಿಸಿ. ಒಂದು ಇಂಚು 25.4 ಮಿ.ಮೀ.

165/80 ಆರ್14ರ ಎತ್ತರ 619.6 ಮಿ.ಮೀ. 185/65 ಆರ್15ರದು 621.5. 195/55 ಆರ್16ರದು 620.9. ಅಗಲ 30 ಮಿ.ಮೀ. ಹೆಚ್ಚಿದರೂ ಎತ್ತರದಲ್ಲಿ ಎರಡು ಮಿಲಿಮೀಟರಿನ ವ್ಯತ್ಯಾಸವಿಲ್ಲ. ನಮ್ಮ ಹ್ಯಾಚ್‌ಬ್ಯಾಕುಗಳ ಲೋಕದಲ್ಲಿ ಈ ಮೂರು ಅಳತೆಗಳು ಒಂದೇ ಮನೆಯವು ಎನ್ನಬಹುದು.

ಅದೇ 185/65 ಆರ್15 ಇರುವ ಜಾಗಕ್ಕೆ 195/65 ಆರ್15 ಹಾಕಿದರೆ ಎತ್ತರ 634.5 ಆಗುತ್ತದೆ, ಶೇಕಡಾ ಎರಡರಷ್ಟು ಹೆಚ್ಚು. ಸ್ಪೀಡೋಮೀಟರ್ ಹಿಂದಿಗಿಂತ ಕಡಿಮೆ ತೋರಿಸುತ್ತದೆ, ಗೇರ್ ಉದ್ದವಾಗಿ ಎಳೆತ ಮಂದವಾಗುತ್ತದೆ. ಅದರ ಬದಲು 195/60 ಆರ್15 ಹಾಕಿದರೆ 615. ಮೂಲಕ್ಕಿಂತ ಶೇಕಡಾ ಒಂದರಷ್ಟು ಮಾತ್ರ ಕಡಿಮೆ. ಇದು ಒಪ್ಪುವ ಲೆಕ್ಕ. ವ್ಯತ್ಯಾಸ ಶೇಕಡಾ ಎರಡರ ಒಳಗಿರುವಂತೆ ನೋಡಿಕೊಂಡರೆ ಎಬಿಎಸ್‌ಗೂ ಸ್ಪೀಡೋಮೀಟರಿಗೂ ತೊಂದರೆಯಾಗದು.

7. ಹೊರೆ ಅಂಕಿ, ವೇಗ ಅಕ್ಷರ ಮೂಲಕ್ಕಿಂತ ಇಳಿಯಬಾರದು

185/65 ಆರ್15 ಟೈರಿನಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ 88, ಅಂದರೆ 560 ಕೆ.ಜಿ. ಅದನ್ನು ಬಿಚ್ಚಿ 195/55 ಆರ್16 ಹಾಕಿದರೆ ಅಂಕಿ 87ಕ್ಕೆ ಇಳಿಯುತ್ತದೆ, ಅಂದರೆ 545 ಕೆ.ಜಿ. ಟೈರ್ ಅಗಲವಾಯಿತು, ಹೊರುವ ಶಕ್ತಿ 15 ಕೆ.ಜಿ. ಕಡಿಮೆಯಾಯಿತು. ಗೋಡೆ ಗಿಡ್ಡವಾದಾಗ ಟೈರಿನೊಳಗೆ ಗಾಳಿ ಹಿಡಿಯುವ ಜಾಗ ಕುಗ್ಗುವುದೇ ಕಾರಣ. ಐದು ಜನ ಕೂತು, ಡಿಕ್ಕಿ ತುಂಬಿಸಿ ಧರ್ಮಸ್ಥಳಕ್ಕೆ ಹೊರಟಾಗ ಈ ಲೆಕ್ಕ ಮುಖ್ಯವಾಗುತ್ತದೆ.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಕಂಪನಿ ಒಪ್ಪಿದ ಟೈರ್ ಅಳತೆಗಳೂ ಗಾಳಿ ಒತ್ತಡವೂ ಇರುತ್ತವೆ. ನಿಮ್ಮದೇ ಕಾರಿನ ಮೇಲಿನ ದರ್ಜೆಯ ಮಾದರಿಗೆ ಕಂಪನಿ ಕೊಟ್ಟಿರುವ ಅಳತೆ ಎಲ್ಲಕ್ಕಿಂತ ನಿರಾತಂಕದ ಆಯ್ಕೆ. ಅದರಾಚೆ ಹೋಗುವುದಾದರೆ ವಾರಂಟಿ, ವಿಮೆ ಎರಡರ ಷರತ್ತುಗಳನ್ನೂ ಮೊದಲು ಓದಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ.

8. ಕಾರಿನ ತೂಕಕ್ಕೆ, ಎಂಜಿನ್ನಿನ ಬಲಕ್ಕೆ ತಕ್ಕಷ್ಟು ಅಗಲ ಸಾಕು

ರಬ್ಬರ್ ಹಿಡಿತ ಕೊಡಲು ಬಿಸಿಯಾಗಬೇಕು. ಹಗುರ ಕಾರಿಗೆ ತೀರಾ ಅಗಲದ ಟೈರ್ ಹಾಕಿದರೆ ಅಷ್ಟು ರಬ್ಬರನ್ನು ಕಾಯಿಸುವಷ್ಟು ಕೆಲಸವೇ ಅದಕ್ಕೆ ಬೀಳದು. ಮೊದಲ ಸುತ್ತುಗಳು ಜಾರುತ್ತಲೇ ಕಳೆಯುತ್ತವೆ. ಮೇಲಾಗಿ ಅಗಲದ ಟೈರ್, ದೊಡ್ಡ ರಿಮ್ ಎರಡೂ ಭಾರ. 100 ಕುದುರೆ ಶಕ್ತಿಯೂ ಇಲ್ಲದ ಎಂಜಿನ್ ಅದನ್ನು ತಿರುಗಿಸುವುದರಲ್ಲೇ ದಣಿಯುತ್ತದೆ. ತಿರುವಿನಲ್ಲಿ ಗಳಿಸಿದ್ದನ್ನು ನೇರ ದಾರಿಯಲ್ಲಿ ಕಳೆದುಕೊಳ್ಳುತ್ತೀರಿ.

2012ರಲ್ಲಿ ಬಂದ ಟೊಯೊಟಾ 86 ಇದಕ್ಕೆ ಒಳ್ಳೆಯ ಪಾಠ. 200 ಕುದುರೆ ಶಕ್ತಿಯ ಸ್ಪೋರ್ಟ್ಸ್ ಕಾರಿಗೆ ಕಂಪನಿ ಕೊಟ್ಟದ್ದು 215/45 ಆರ್17 ಟೈರ್, ಅದೂ ಪ್ರಿಯಸ್‌ನಂಥ ಮೈಲೇಜ್ ಕಾರಿಗೂ ಬಳಸುತ್ತಿದ್ದ ಸಾಧಾರಣ ರಬ್ಬರಿನದು. ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಅವರ ತಂಡ ಬೇಕೆಂದೇ ಹಾಗೆ ಮಾಡಿತು. ಕಾರು ಜಾರುವ ಗಡಿ ಕೈಗೆ ಸಿಗುವ ವೇಗದಲ್ಲೇ ಇರಲಿ, ಅದು ಮುನ್ಸೂಚನೆ ಕೊಟ್ಟು ನಿಧಾನವಾಗಿ ಬರಲಿ ಎಂಬುದು ಉದ್ದೇಶ. ಒಂದು ಟನ್ ಆಸುಪಾಸಿನ ಮಾಜ್ಡಾ ಎಂಎಕ್ಸ್-5 ಕೂಡ 195/50 ಆರ್16ರ ಮೇಲೆಯೇ ಜಗತ್ತಿನ ಚಾಲಕರ ಮನ ಗೆದ್ದಿದೆ. ಟ್ರ್ಯಾಕ್ ಕಲಿಯುತ್ತಿರುವವರಿಗೆ ಮಿತವಾದ ಅಗಲವೇ ಒಳ್ಳೆಯ ಗುರು. ಹಿಡಿತ ತಪ್ಪುವುದು ಹೇಗಿರುತ್ತದೆ ಎಂಬುದು ಕಡಿಮೆ ವೇಗದಲ್ಲೇ ತಿಳಿಯುತ್ತದೆ.

9. ಮಳೆಗಾಲವನ್ನು ಮುಂದಿಟ್ಟುಕೊಂಡು ಯೋಚಿಸಿ

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒದ್ದೆ. ಕರಾವಳಿ, ಮಲೆನಾಡಿನಲ್ಲಿ ಹೇಳುವುದೇ ಬೇಡ. ನೀರು ನಿಂತ ರಸ್ತೆಯಲ್ಲಿ ವೇಗ ಹೆಚ್ಚಿದಾಗ ಟೈರ್ ನೀರನ್ನು ಪಕ್ಕಕ್ಕೆ ತಳ್ಳಲಾಗದೆ ಅದರ ಮೇಲೆಯೇ ತೇಲುತ್ತದೆ. ಆಗ ಸ್ಟೀರಿಂಗ್, ಬ್ರೇಕ್ ಎರಡೂ ಕೆಲಸಕ್ಕೆ ಬಾರವು.

1963ರಲ್ಲಿ ನಾಸಾ ಸಂಶೋಧಕರು ವಿಮಾನದ ಟೈರುಗಳ ಪ್ರಯೋಗದಿಂದ ಒಂದು ಸೂತ್ರ ಕೊಟ್ಟರು: ಗಾಳಿ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ತೇಲಲು ಶುರುವಾಗುವ ವೇಗ ನಾಟ್ ಲೆಕ್ಕದಲ್ಲಿ ಸಿಗುತ್ತದೆ. 30 ಪಿಎಸ್‌ಐಗೆ ಅದು ಗಂಟೆಗೆ ಸುಮಾರು 91 ಕಿ.ಮೀ. 25 ಪಿಎಸ್‌ಐಗೆ 83. ಟ್ರೆಡ್ ಸವೆದು ನುಣುಪಾದ ಟೈರಿಗೆ, ನೀರು ಚೆನ್ನಾಗಿ ನಿಂತಿರುವಾಗ ಅನ್ವಯವಾಗುವ ಲೆಕ್ಕವಿದು. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗಮಿತಿ 100 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ನೆಲ ಕಚ್ಚುವ ಜಾಗ ಅಡ್ಡಡ್ಡವಾದಷ್ಟೂ ಟೈರ್ ಇನ್ನೂ ಬೇಗ ತೇಲುತ್ತದೆ, ಏಕೆಂದರೆ ತಳ್ಳಬೇಕಾದ ನೀರು ಹೆಚ್ಚು, ತಳ್ಳಲು ಸಿಗುವ ಸಮಯ ಕಡಿಮೆ. ಹಾಗಾಗಿ ಅಗಲ ಹೆಚ್ಚಿಸುವವರು ಆಳವಾದ, ಉದ್ದುದ್ದ ಕಾಲುವೆಗಳಿರುವ ಟ್ರೆಡ್ ಆರಿಸಲೇಬೇಕು. ಕಾನೂನಿನ ಪ್ರಕಾರ ಕಾರಿನ ಟ್ರೆಡ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಅಗಲದ ಟೈರ್ ಇದ್ದವರು ಮಳೆಗಾಲಕ್ಕೆ ಮುನ್ನ 3 ಮಿ.ಮೀ. ಇದ್ದಾಗಲೇ ಬದಲಿಸುವುದು ಕ್ಷೇಮ.

10. ಮಣ್ಣು, ಗುಂಡಿ, ಸವೆದ ಡಾಂಬರಿಗೆ ಕಿರಿದು ಹಿತ

ವಿಶ್ವ ರ‍್ಯಾಲಿಯ ಕಾರುಗಳನ್ನು ಗಮನಿಸಿ. ಡಾಂಬರಿನ ಮೇಲೆ 235/40 ಆರ್18 ಟೈರ್ ಹಾಕಿಕೊಂಡು ಓಡುವ ಅದೇ ಕಾರು ಜಲ್ಲಿ ದಾರಿಗೆ ಬಂದರೆ 205/65 ಆರ್15ಕ್ಕೆ ಇಳಿಯುತ್ತದೆ. ಕಿರಿದಾದ ಟೈರ್, ಗುಳ ಮಣ್ಣು ಸೀಳುವಂತೆ, ಮೇಲಿನ ಸಡಿಲ ಪದರವನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಎತ್ತರದ ಗೋಡೆ ಕಲ್ಲಿನ ಪೆಟ್ಟು ನುಂಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ದಾರಿಯಲ್ಲಿ ರ‍್ಯಾಲಿ ನೋಡಿದವರಿಗೆ ಇದು ಹೊಸ ಮಾತಲ್ಲ.

ಊರೊಳಗೂ ಇದೇ ನ್ಯಾಯ. ಲಾರಿಗಳು ಓಡಿ ಹಳ್ಳ ಬಿದ್ದ ಹೆದ್ದಾರಿಯಲ್ಲಿ ಅಗಲದ ಟೈರ್ ಆ ಹಳ್ಳದ ಅಂಚು ಹಿಡಿದು ಸ್ಟೀರಿಂಗನ್ನು ಅತ್ತಿತ್ತ ಎಳೆಯುತ್ತದೆ. 50ಕ್ಕಿಂತ ಕಡಿಮೆ ಗೋಡೆಯ ಟೈರ್ ಆಳದ ಗುಂಡಿಗೆ ಬಿದ್ದರೆ ಪಕ್ಕ ಉಬ್ಬುತ್ತದೆ, ಅಲಾಯ್ ಬಾಗುತ್ತದೆ. ಮೈಲೇಜ್ ದೃಷ್ಟಿಯಿಂದಲೂ ಕಿರಿದೇ ಮೇಲು. ಬಿಎಂಡಬ್ಲ್ಯು ತನ್ನ ಐ3 ವಿದ್ಯುತ್ ಕಾರಿಗೆ 155/70 ಆರ್19 ಎಂಬ ಕಿರಿದು, ಎತ್ತರದ ಟೈರ್ ಕೊಟ್ಟದ್ದು ಗಾಳಿಯ ತಡೆ, ಉರುಳುವ ತಡೆ ಎರಡನ್ನೂ ತಗ್ಗಿಸಲೆಂದು.

11. ಜಾಗ ಅಳೆದ ಮೇಲೆಯೇ ದುಡ್ಡು ಕೊಡಿ

ಟೈರ್ 10 ಮಿ.ಮೀ. ಅಗಲವಾದರೆ ಒಳಕ್ಕೆ 5, ಹೊರಕ್ಕೆ 5 ಮಿ.ಮೀ. ಚಾಚುತ್ತದೆ. ರಿಮ್ ಬದಲಿಸಿದರೆ ಲೆಕ್ಕ ದೊಡ್ಡದಾಗುತ್ತದೆ. 5.5 ಇಂಚಿನ ಜಾಗಕ್ಕೆ 7 ಇಂಚಿನ ರಿಮ್, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖದವರೆಗಿನ ದೂರ) ಅಷ್ಟೇ ಇಟ್ಟುಕೊಂಡು ಹಾಕಿದರೆ ಎರಡೂ ಕಡೆ 19 ಮಿ.ಮೀ. ಚಾಚುತ್ತದೆ. ಒಳಗಡೆ ಶಾಕ್ ಅಬ್ಸಾರ್ಬರ್, ಹೊರಗಡೆ ಫೆಂಡರ್. ಆಫ್‌ಸೆಟ್ ಬದಲಿಸಿ ಚಕ್ರವನ್ನು ಹೊರಗೆ ತಳ್ಳಿದರೆ ಫೆಂಡರಿಗೆ ತಾಗುವುದಲ್ಲದೆ ಸ್ಟೀರಿಂಗ್ ತೂಕ ಬದಲಾಗುತ್ತದೆ, ಬೇರಿಂಗಿಗೆ ಹೊರೆ ಹೆಚ್ಚುತ್ತದೆ.

ಪರೀಕ್ಷೆ ಹೀಗೆ ಮಾಡಿ. ಹೊಸ ಚಕ್ರ ಒಂದನ್ನೇ ಮುಂದೆ ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಶಾಕ್ ಅಬ್ಸಾರ್ಬರಿಗೂ ಟೈರಿಗೂ ನಡುವೆ ನಿಮ್ಮ ಕಿರುಬೆರಳು ಸರಾಗವಾಗಿ ಓಡಾಡಬೇಕು. ಆಮೇಲೆ ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಹಂಪ್ ಹತ್ತಿಸಿ, ಗರಗರ ಸದ್ದು ಬಂದರೆ ಆ ಅಳತೆ ನಿಮ್ಮ ಕಾರಿಗೆ ಸಲ್ಲದು. ಪಿಸಿಡಿ (ಬೋಲ್ಟ್ ರಂಧ್ರಗಳು ಕೂತ ವೃತ್ತದ ವ್ಯಾಸ), ನಡುವಿನ ರಂಧ್ರದ ಅಳತೆ ಎರಡೂ ಸರಿಹೊಂದುವ ರಿಮ್ಮನ್ನೇ ಕೊಳ್ಳಿ. ಹೊಂದದ ರಿಮ್ಮಿಗೆ ಸ್ಪೇಸರ್ ತುರುಕಿ ಟ್ರ್ಯಾಕಿಗೆ ಇಳಿಯುವುದು ಅಪಾಯ.

12. ನಾಲ್ಕೂ ಚಕ್ರಕ್ಕೆ ಒಂದೇ ಅಗಲ

ನಮ್ಮಲ್ಲಿ ಓಡುವ ಬಹುಪಾಲು ಕಾರುಗಳಿಗೆ ಮುಂದಿನ ಚಕ್ರಗಳೇ ಎಳೆಯುತ್ತವೆ, ತಿರುಗುತ್ತವೆ, ಬ್ರೇಕಿನ ದೊಡ್ಡ ಪಾಲನ್ನೂ ಹೊರುತ್ತವೆ. ಹಾಗೆಂದು ಮುಂದೆ ಮಾತ್ರ ಅಗಲದ ಟೈರ್ ಹಾಕಿದರೆ ಹಿಂಭಾಗ ಮೊದಲು ಜಾರುತ್ತದೆ. ಹೆದ್ದಾರಿಯಲ್ಲಿ ದಿಢೀರನೆ ಲೇನ್ ಬದಲಿಸುವಾಗ ಕಾರು ಗಿರಕಿ ಹೊಡೆಯುವ ಭಯ ಇದರಿಂದಲೇ. ಹಿಂದೆ ಮಾತ್ರ ಅಗಲವಾದರೆ ಮುಂಭಾಗ ತಿರುವಿನಿಂದ ಹೊರಗೆ ಸರಿಯುತ್ತದೆ. ಹಿಂದಿನ ಚಕ್ರಕ್ಕೆ ಭಾರಿ ಬಲ ಹೋಗುವ ದೊಡ್ಡ ಕಾರುಗಳಿಗೆ ಅದು ಒಪ್ಪುತ್ತದೆ, ಕಂಪನಿಯೇ ಹಾಗೆ ಕೊಟ್ಟಿರುತ್ತದೆ.

ನಾಲ್ಕೂ ಒಂದೇ ಆಗಿದ್ದರೆ ಇನ್ನೊಂದು ಲಾಭ: ಮುಂದಿನ ಟೈರ್ ಸವೆದಾಗ ಹಿಂದುಮುಂದು ಮಾಡಿ ನಾಲ್ಕನ್ನೂ ಸಮವಾಗಿ ಬಾಳಿಸಬಹುದು. ಎರಡೇ ಹೊಸ ಟೈರ್ ಕೊಳ್ಳುವ ಪ್ರಸಂಗ ಬಂದರೆ ಹೊಸತನ್ನು ಹಿಂದಕ್ಕೆ ಹಾಕಿ. ಮಳೆಯಲ್ಲಿ ಹಿಂಭಾಗ ಹಿಡಿತದಲ್ಲಿರುವುದು ಜೀವ ಉಳಿಸುತ್ತದೆ.

13. ಗಾಳಿ, ಕ್ಯಾಂಬರ್ ಸರಿಪಡಿಸದೆ ಅಗಲದ ಫಲ ಸಿಗದು

ತಿರುವಿನಲ್ಲಿ ಕಾರು ಹೊರಗೆ ವಾಲಿದಾಗ ಚಕ್ರವೂ ವಾಲುತ್ತದೆ. ಟೈರ್ ಅಗಲವಾದಷ್ಟೂ ಅದರ ಒಳ ಅಂಚು ನೆಲ ಬಿಟ್ಟು ಹೊರ ಭುಜದ ಮೇಲೆ ಭಾರ ಬೀಳುತ್ತದೆ. ಚಕ್ರದ ಮೇಲ್ತುದಿಯನ್ನು ಒಳಕ್ಕೆ ವಾಲಿಸಿದರೆ, ಅಂದರೆ ನೆಗೆಟಿವ್ ಕ್ಯಾಂಬರ್ ಕೊಟ್ಟರೆ, ಪೂರ್ತಿ ಅಗಲ ಬಳಕೆಗೆ ಬರುತ್ತದೆ. ರಸ್ತೆಗೆ ಒಂದು ಡಿಗ್ರಿಯೊಳಗೆ ಸಾಕು. ಟ್ರ್ಯಾಕಿಗೆಂದೇ ಮೀಸಲಾದ ಕಾರುಗಳು ಎರಡರಿಂದ ಮೂರು ಡಿಗ್ರಿ ಇಟ್ಟುಕೊಳ್ಳುತ್ತವೆ. ರಸ್ತೆಯಲ್ಲಿ ಅಷ್ಟು ಇಟ್ಟರೆ ಒಳ ಅಂಚು ಬೇಗ ಸವೆಯುತ್ತದೆ.

ಗಾಳಿಯ ಮಾತು ಹೀಗೆ. ತಣ್ಣಗಿದ್ದಾಗ 28 ಪಿಎಸ್‌ಐ ಇದ್ದದ್ದು, ಟೈರಿನೊಳಗಿನ ಗಾಳಿ 30 ಡಿಗ್ರಿಯಿಂದ 70 ಡಿಗ್ರಿಗೆ ಏರಿದರೆ 34ರ ಹತ್ತಿರ ಬರುತ್ತದೆ. ಸ್ಟಿಕ್ಕರ್ ಹೇಳುವ ಒತ್ತಡದಲ್ಲೇ ಟ್ರ್ಯಾಕಿಗೆ ಇಳಿದರೆ ಕೆಲವೇ ಸುತ್ತುಗಳಲ್ಲಿ ಅದು ಏರಿ ಟ್ರೆಡ್ಡಿನ ನಡುಭಾಗ ಮಾತ್ರ ನೆಲ ಹಿಡಿಯುತ್ತದೆ. ಬಿಳಿ ಶೂ ಪಾಲಿಷ್ ತೆಗೆದುಕೊಂಡು ಭುಜದಿಂದ ಪಕ್ಕದ ಗೋಡೆಯವರೆಗೆ ಮೂರು ಕಡೆ ಗೆರೆ ಎಳೆಯಿರಿ. ನಾಲ್ಕು ಸುತ್ತು ಹೊಡೆದು ಬನ್ನಿ. ಗೆರೆ ಭುಜದ ಅಂಚಿನವರೆಗೆ ಮಾತ್ರ ಅಳಿಸಿದ್ದರೆ ಗಾಳಿ ಸರಿ. ಗೋಡೆಯ ಮೇಲೂ ಅಳಿಸಿದ್ದರೆ ಗಾಳಿ ಕಡಿಮೆ, ಟೈರ್ ಮಡಚಿಕೊಳ್ಳುತ್ತಿದೆ. ಭುಜದವರೆಗೂ ಬಂದಿಲ್ಲವಾದರೆ ಗಾಳಿ ಹೆಚ್ಚು. ಊರಿಗೆ ಹೊರಡುವ ಮುನ್ನ ಟೈರ್ ತಣಿಯಲು ಬಿಟ್ಟು ಸ್ಟಿಕ್ಕರ್ ಹೇಳುವಷ್ಟು ಗಾಳಿ ತುಂಬಿಸುವುದನ್ನು ಮರೆಯಬೇಡಿ.

14. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಗಡಿಯಾರ ನೋಡಿ

ಟೈರ್, ರಿಮ್, ಕ್ಯಾಂಬರ್, ಬ್ರೇಕ್ ಪ್ಯಾಡ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಮೂಲ ಅಳತೆಯಲ್ಲೇ ಒಳ್ಳೆಯ ರಬ್ಬರ್ ಹಾಕಿ ಸಮಯ ಬರೆದಿಡಿ. ಬಳಿಕ ರಿಮ್ ಅಗಲ. ಅದಾದ ಮೇಲೂ ಟೈರ್ ಬೇಗ ಕಾದು ಹಿಡಿತ ಬಿಡುತ್ತಿದ್ದರೆ ಮಾತ್ರ ಒಂದು ಹೆಜ್ಜೆ, ಅಂದರೆ 10 ಮಿ.ಮೀ., ಅಗಲ ಹೆಚ್ಚಿಸಿ. ಅಗಲ ಬೇಕೆಂದು ಟೈರೇ ಹೇಳುತ್ತದೆ: ಮೂರು ಸುತ್ತು ಚುರುಕಾಗಿದ್ದು ನಾಲ್ಕನೆಯದರಲ್ಲಿ ಮುಂಭಾಗ ಹೊರಗೆ ಸರಿಯತೊಡಗಿದರೆ, ಭುಜದ ರಬ್ಬರ್ ಸುಲಿದು ಗುಳ್ಳೆ ಎದ್ದಿದ್ದರೆ ಅದು ಆ ಸೂಚನೆ.

ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವಷ್ಟು ಹವ್ಯಾಸ ಬೆಳೆದರೆ ಎರಡನೇ ಸೆಟ್ ರಿಮ್, ಟೈರ್ ಕೊಳ್ಳುವುದೇ ಜಾಣತನ. ಒಂದೇ ಸೆಟ್ಟಿನಿಂದ ಎರಡೂ ಕೆಲಸ ಮಾಡಿಸುವ ರಾಜಿಯೇ ಬೇಡ. ಟ್ರ್ಯಾಕಿನ ಟೈರ್ ಟ್ರ್ಯಾಕಿನಲ್ಲಿ ಮಾತ್ರ ಸವೆಯುತ್ತದೆ, ಮನೆಯವರನ್ನು ಕೂರಿಸಿಕೊಂಡು ಹೋಗುವ ಟೈರ್ ಮಳೆಗೂ ಗುಂಡಿಗೂ ಸಿದ್ಧವಾಗಿರುತ್ತದೆ.

ಅಂಗಡಿಗೆ ಹೋಗುವ ಮುನ್ನ ಐದು ಅಂಕಿಗಳನ್ನು ಬರೆದುಕೊಳ್ಳಿ: ಬಾಗಿಲ ಸ್ಟಿಕ್ಕರಿನ ಅಳತೆ, ಹೊರೆ ಅಂಕಿ ಮತ್ತು ವೇಗದ ಅಕ್ಷರ, ರಿಮ್ ಅಗಲ, ಆಫ್‌ಸೆಟ್, ಹೊರವ್ಯಾಸ. ಮಾರುವವರು ಯಾವ ಅಳತೆ ತೋರಿಸಿದರೂ ಈ ಐದರ ಎದುರು ಹಿಡಿದು ನೋಡಿ. ಐದೂ ಒಪ್ಪಿದರೆ ಹಾಕಿಸಿ. ಒಂದು ಒಪ್ಪದಿದ್ದರೂ ಮೂಲ ಅಗಲದಲ್ಲೇ ಉಳಿದು, ಆ ದುಡ್ಡಿಗೆ ಸಿಗುವ ಅತಿ ಒಳ್ಳೆಯ ರಬ್ಬರ್ ಕೇಳಿ ಪಡೆಯಿರಿ.